ಅತ್ತೆ ಹಾಕಿದ ಬ್ರೇಕು

ನಮ್ಮ ಮಾವ ಊರಿಗೆಲ್ಲ ಕಾರು ಓಡಿಸುವುದನ್ನು ಕಲಿಸಿದವರು, ಸ್ವಂತ ಹೆಂಡತಿಯೊಬ್ಬರನ್ನು ಬಿಟ್ಟು. ಅವರ ಡ್ರೈವಿಂಗ್ ಶಾಲೆಯ ಕೊನೆಯ ಪರೀಕ್ಷೆ ಹೆಸರುವಾಸಿ. ಅಂಚಿನವರೆಗೆ ನೀರು ತುಂಬಿದ ಲೋಟ ಹಿಡಿದು ಮಾವ ಪಕ್ಕದ ಸೀಟಿನಲ್ಲಿ ಕೂರುತ್ತಿದ್ದರು. ಹನಿ ಚೆಲ್ಲದಂತೆ ಕಾರು ನಿಲ್ಲಿಸಿದವರಿಗೆ ಅದೇ ನೀರನ್ನು ಕುಡಿಯಲು ಕೊಡುತ್ತಿದ್ದರು. ಶಾಲೆ ಮುಚ್ಚಿತು, ಶಿಸ್ತು ಮುಚ್ಚಲಿಲ್ಲ. ನಿಂತ ಕಾರಿನ ಬ್ರೇಕನ್ನು ಸುಮ್ಮನೆ ತುಳಿಯುವುದು ನಮ್ಮ ಮನೆಯಲ್ಲಿ ಮಹಾಪರಾಧ. "ಅದೇನು ಹೊಲಿಗೆ ಮಷೀನಾ?" ಎಂದು ರೇಗುತ್ತಾರೆ.

ಅತ್ತೆಗೆ ಡ್ರೈವಿಂಗ್ ಕಲಿಸಿದವಳು ನಾನು, ಸೊಸೆ. ಲೈಸೆನ್ಸ್ ಬಂದ ಮೇಲೆ ಅತ್ತೆಯ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಅಷ್ಟರಲ್ಲಿ ಹಳೆಯ ಕಾರಿನ ಮುಂದಿನ ಬ್ರೇಕು ಕಿರುಚತೊಡಗಿತು. ಮಾವನಿಗೆ ಅದೇ ನೆಪವಾಯಿತು.

"ಸಂಜೆ ಕೊಳ್ಳೋನು ಬರ್ತಾನೆ. ಮಾರಿಬಿಡ್ತೀನಿ."

"ಬ್ರೇಕು ನಾವೇ ಸರಿಮಾಡಿದ್ರೆ?" ಎಂದರು ಅತ್ತೆ.

ಮಾವ ನಕ್ಕ ನಗುವಿಗೆ ಕನ್ನಡಕ ಜಾರಿತು. "ಮಾಡಿ ನೋಡೋಣ. ಲೋಟದ ಪರೀಕ್ಷೆ ಪಾಸಾದ್ರೆ ಕಾರು ನಿಂದೇ."

ನನ್ನ ಗಂಡ ಊರಲ್ಲಿರಲಿಲ್ಲ. ಇದ್ದಿದ್ದರೆ ಸಲಹೆ ಕೊಡುತ್ತಿದ್ದ. ಹಾಗಾಗಿ ಕೆಲಸ ಬೇಗ ಸಾಗಿತು. ಫೋನಿನಲ್ಲಿ ವಿಡಿಯೊ ನೋಡಿಕೊಂಡು, ಜಾಕ್ ಕೊಟ್ಟು ಎತ್ತಿ, ಚಕ್ರ ಕಳಚಿ, ಸವೆದ ಬ್ರೇಕ್ ಪ್ಯಾಡು ಹೊರತೆಗೆದೆವು. ಅತ್ತೆ ಅದನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು, ಅಂಗಿಗೆ ಹೊಂದುವ ಗುಂಡಿ ಹುಡುಕುವವರಂತೆ ಬಿಡಿಭಾಗಗಳ ಅಂಗಡಿಗೆ ಹೊರಟರು, ಜೊತೆಗೆ ನಾನೂ.

"ಇದೇ ಥರದ್ದು ಕೊಡಪ್ಪ. ಸ್ವಲ್ಪ ದಪ್ಪ ಇರ್ಲಿ, ಬಾಳಿಕೆ ಬರಬೇಕು."

"ಮೆಕ್ಯಾನಿಕ್ ಎಲ್ಲಿ, ಅಮ್ಮ?" ಎಂದ ಅಂಗಡಿಯವನು.

"ಎದುರಿಗೇ ನಿಂತಿದೀವಲ್ಲ, ಇಬ್ಬರು!"

ನನಗೆ ಅಲ್ಲೇ ಕುಣಿದುಬಿಡೋಣ ಅನ್ನಿಸಿತು. ಅವನು ಕಕ್ಕಾಬಿಕ್ಕಿಯಾಗಿ ಎರಡು ಚಕ್ರಕ್ಕೂ ಆಗುವ ಪ್ಯಾಡುಗಳ ಪೆಟ್ಟಿಗೆ ಕೊಟ್ಟ.

ಪ್ಯಾಡುಗಳನ್ನು ಕಚ್ಚಿಹಿಡಿಯುವ ಕಬ್ಬಿಣದ ದವಡೆ ಜೋತುಬೀಳದಂತೆ ಅತ್ತೆ ಹಳೆಯ ಲಾಡಿಯಿಂದ ಕಟ್ಟಿದರು. ಹೊಸ ಪ್ಯಾಡು ದಪ್ಪ, ಜಾಗ ಸಾಲದು. ಪ್ಯಾಡನ್ನು ಒತ್ತುವ ಒಳಗಿನ ಪಿಸ್ಟನ್ನನ್ನು ನಾನು ಬಡಗಿಯ ಕ್ಲಾಂಪಿನಿಂದ ಹಿಂದಕ್ಕೆ ತಳ್ಳಿದೆ. ಎರಡು ಚಕ್ರವೂ ಮುಗಿಯಿತು. ವಿಡಿಯೊದವನು ಇನ್ನೂ ಏನೋ ಹೇಳುತ್ತಿದ್ದ. "ಆಯ್ತಲ್ಲಪ್ಪ, ಬಾಯಿ ಮುಚ್ಚು," ಎಂದು ಅತ್ತೆ ಅವನನ್ನು ಆರಿಸಿದರು. ಒಬ್ಬರ ಮಸಿ ಮುಖ ಒಬ್ಬರು ನೋಡಿ ಹೊಟ್ಟೆ ಹುಣ್ಣಾಗುವಷ್ಟು ನಕ್ಕೆವು.

ಸಂಜೆ ಕೊಳ್ಳುವವನು ಬಂದು ಗೇಟಿನ ಹೊರಗೆ ಸ್ಕೂಟರ್ ನಿಲ್ಲಿಸಿದ. ಮಾವ ತುಂಬಿದ ಲೋಟ ಹಿಡಿದು ಮುಂದೆ ಅತ್ತೆಯ ಪಕ್ಕ ಕೂತರು, ನಾನು ಹಿಂದೆ. ಕಾರು ಆಮೆಯ ನಡಿಗೆಯಲ್ಲಿ ಅಂಗಳ ದಾಟಿತು.

"ನಿಲ್ಸು."

ಅತ್ತೆ ತುಳಿದರು. ಪೆಡಲು ಬೆಣ್ಣೆಗೆ ಕಾಲಿಟ್ಟಂತೆ ತಳ ಮುಟ್ಟಿತು. ಕಾರು ಹೋಗುತ್ತಲೇ ಇತ್ತು.

ಆಗ ನನಗೆ ಹೊಳೆಯಿತು. ಹಿಂದೆ ಸರಿದ ಪಿಸ್ಟನ್ನು ಮುಂದೆ ಬರಬೇಕಾದರೆ, ನಿಂತ ಕಾರಿನಲ್ಲೇ ಪೆಡಲನ್ನು ಹಲವು ಸಲ ತುಳಿದಿರಬೇಕಿತ್ತು. ಬೇರೆ ಯಾವ ಮನೆಯಲ್ಲಾದರೂ ಯಾರಾದರೂ ಸುಮ್ಮನೆ ತುಳಿದಿರುತ್ತಿದ್ದರು. ನಮ್ಮ ಮನೆಯಲ್ಲಿ ಯಾರಿಗಿದೆ ಆ ಧೈರ್ಯ!

"ತುಳೀರಿ ಅತ್ತೆ, ಪದೇ ಪದೇ ತುಳೀರಿ!"

"ಒಂದೇ ಸಲ! ಮೆತ್ತಗೆ!" ಎಂದು ಕೂಗಿದರು ಮಾವ. ಹ್ಯಾಂಡ್ ಬ್ರೇಕು ಎಂಬುದೊಂದಿದೆ ಎನ್ನುವುದು ಅವರಿಗೂ ಮರೆತುಹೋಗಿತ್ತು. ಎರಡು ಕೈಯೂ ಲೋಟದ ಮೇಲಿದ್ದವು.

"ಸುಮ್ನಿರಿ ನೀವು!" ಎಂದು ಗದರಿ ಅತ್ತೆ ಹೊಲಿಗೆ ಮಷೀನಿನಂತೆಯೇ ಪಟಪಟನೆ ತುಳಿದರು. ಕಾರು ಗಕ್ಕನೆ ನಿಂತಿತು, ಸ್ಕೂಟರಿಗೆ ಗೇಣು ದೂರದಲ್ಲಿ. ಬ್ರೇಕು ಕಿರುಚಲೂ ಇಲ್ಲ. ಲೋಟದ ನೀರಷ್ಟೂ ಮಾವನ ಮುಖದ ಮೇಲಿತ್ತು.

ಮಾವ ಇಳಿದು ಒಳಗೆ ಹೋದರು. ಅತ್ತೆ ಸ್ಟಿಯರಿಂಗ್ ಬಿಡಲಿಲ್ಲ. "ಹೋಯ್ತು ಕಣೇ," ಎಂದರು. ನನಗೆ ಅಳು ಬಂತು. ಕೊಳ್ಳುವವನು ಆಗಲೇ ಟೈರು ಒದ್ದು ನೋಡುತ್ತಿದ್ದ.

ಮಾವ ಒಣ ಅಂಗಿ ತೊಟ್ಟು ಹೊರಬಂದರು. ಕೈಯಲ್ಲಿ ಮತ್ತೆ ತುಂಬಿದ ಲೋಟ.

"ಸ್ಕೂಟರ್ ತೆಗೀರಿ, ದಾರಿಗಡ್ಡ ಇದೆ," ಎಂದರು ಅವನಿಗೆ. ಅತ್ತೆಯತ್ತ ತಿರುಗಿ, "ಇನ್ನೊಂದ್ ಸಲ," ಎಂದು ಪಕ್ಕದಲ್ಲಿ ಹತ್ತಿ ಕೂತರು.

ಅತ್ತೆ ಬೀದಿಯ ಕೊನೆಯವರೆಗೆ ಹೋಗಿ, ತಿರುಗಿಸಿಕೊಂಡು ಬಂದು ಮನೆಯೆದುರು ನಿಲ್ಲಿಸಿದರು. ನೀರು ಅಂಚಿನಲ್ಲಿ ನಡುಗಿತು, ಚೆಲ್ಲಲಿಲ್ಲ. ಮಾವ ಲೋಟದ ಹೊರಮೈಯನ್ನು ಬೆರಳಿಂದ ಸವರಿ ನೋಡಿದರು; ಒಣಗಿಯೇ ಇತ್ತು. ಆಮೇಲೆ ಅದನ್ನು ಅತ್ತೆಯತ್ತ ಚಾಚಿದರು.

ಅತ್ತೆ ಗಟಗಟನೆ ಕುಡಿದು ಲೋಟ ವಾಪಸು ಕೊಟ್ಟರು. "ಈಗ ಇಳೀರಿ. ನಾವಿಬ್ರೂ ಒಂದ್ ಸುತ್ತು ಹೋಗಿ ಬರ್ತೀವಿ."

"ನಾನೂ ಬರ್ತೀನಿ ಕಣೇ."

"ಹಾಗಾದ್ರೆ ಹಿಂದೆ ಕೂತ್ಕೊಳ್ಳಿ. ಮುಂದೆ ಮೆಕ್ಯಾನಿಕ್ ಕೂರ್ತಾಳೆ."

ನಾನು ಮುಂದೆ ಬಂದು ಕೂತೆ. ಮಾವ ಖಾಲಿ ಲೋಟ ಹಿಡಿದುಕೊಂಡೇ ಹಿಂದಿನ ಸೀಟಿಗೆ ಹತ್ತಿದರು.