ಹ್ಯಾಂಡ್‌ಪೋಸ್ಟಿನ ಶಿಳ್ಳೆ

ಬೆಳಕವಾಡಿಯ ಸಿದ್ದರಾಜುವಿಗೆ ಹುಟ್ಟಿದಾಗಿನಿಂದಲೂ ಶಿಳ್ಳೆ ಹಾಕಲು ಬಾರದು. ಓರಗೆಯ ಹುಡುಗರೆಲ್ಲ ನಾಲಗೆ ಮಡಚಿ ಬೆರಳಿಟ್ಟು ಊರಾಚೆಗೂ ಕೇಳುವಂತೆ ಊದುತ್ತಿದ್ದರೆ ಇವನ ಬಾಯಿಂದ ಬರುತ್ತಿದ್ದದ್ದು ಬರೀ ಗಾಳಿ, ಜೊತೆಗೆ ಒಂದಿಷ್ಟು ಎಂಜಲು. ಅಂಥವನ ಮೇಲೆ, ಮಗಳನ್ನು ಮದುವೆ ಮಾಡಿಕೊಟ್ಟು, ಮೀಸೆ ನರೆತು, ಊರಿನಲ್ಲಿ ನಾಲ್ಕು ಜನ ಮಾತು ಕೇಳುವ ವಯಸ್ಸಿಗೆ ಬಂದ ಮೇಲೆ, ಹೆಂಗಸರನ್ನು ಕಂಡರೆ ಶಿಳ್ಳೆ ಹೊಡೆಯುತ್ತಾನೆ ಅನ್ನುವ ಆಪಾದನೆ ಬಂತು.

ಅದಕ್ಕೆಲ್ಲ ಕಾರಣ ಅವನ ಪಿಕಪ್ ಗಾಡಿ. ಅದರಲ್ಲಿ ಎಳನೀರು ತುಂಬಿಕೊಂಡು ಬೆಳಿಗ್ಗೆ ಬೆಳಕು ಹರಿಯುವ ಮೊದಲೇ ಹೊರಟು, ಮಳವಳ್ಳಿ ಹಾದು ಮದ್ದೂರಿನ ಮಾರ್ಕೆಟ್ಟಿಗೆ ಹೋಗುವುದು ಸಿದ್ದರಾಜುವಿನ ಕೆಲಸ. ಊರು ಬಿಟ್ಟು ಸ್ವಲ್ಪ ದೂರಕ್ಕೆ, ದಾರಿ ಕವಲೊಡೆಯುವಲ್ಲಿ, ಒಂದು ಹ್ಯಾಂಡ್‌ಪೋಸ್ಟು. ಅಲ್ಲಿ ರಸ್ತೆಗೆ ಅಡ್ಡಲಾಗಿ ಎತ್ತರದ ಹಂಪು. ಹಂಪಿನ ಪಕ್ಕದಲ್ಲೇ ಗಾರ್ಮೆಂಟ್ಸಿಗೆ ಹೋಗುವ ಹೆಂಗಸರು ಫ್ಯಾಕ್ಟರಿ ಬಸ್ಸಿಗೆ ಕಾಯುತ್ತ ನಿಂತಿರುತ್ತಾರೆ. ಸಿದ್ದರಾಜು ಹಂಪಿಗೆ ಬಂದು ನಿಧಾನ ಮಾಡುತ್ತಾನೆ, ಕಾಯಿ ಒಡೆಯದಂತೆ ಮೆಲ್ಲಗೆ ದಾಟಿಸುತ್ತಾನೆ, ಆಮೇಲೆ ಆಕ್ಸಿಲರೇಟರ್ ತುಳಿಯುತ್ತಾನೆ. ಆ ವರ್ಷ ಚಳಿ ಶುರುವಾದ ಮೇಲೆ, ಸರಿಯಾಗಿ ಹೀಗೆ ತುಳಿದಾಗಲೇ, ಗಾಡಿಯ ಮುಂಭಾಗದಿಂದ 'ಸುಯ್ಯ್' ಎಂದು ಒಂದು ಶಬ್ದ ಎದ್ದು, ಕೊನೆಯಲ್ಲಿ ಕೊಂಚ ಮೇಲಕ್ಕೇರಿ ನಿಲ್ಲತೊಡಗಿತು. ಪೋಲಿಗಳು ಹೊಡೆಯುವುದೂ ಹಾಗೆಯೇ.

ಒಂದು ಬೆಳಿಗ್ಗೆ ಮಂಜಿನೊಳಗಿಂದ ಒಬ್ಬ ಹೆಂಗಸು ರಸ್ತೆಗೆ ಇಳಿದು ಗಾಡಿಗೆ ಕೈ ಅಡ್ಡ ಹಿಡಿದಳು. ಚಿಕ್ಕಬೋರಮ್ಮ. ಅಲ್ಲಿ ನಿಲ್ಲುವವರಿಗೆಲ್ಲ ಹಿರಿಯಳು. ಫ್ಯಾಕ್ಟರಿಯ ಸೂಪರ್‌ವೈಸರೂ ಇವಳನ್ನು ಕಂಡರೆ ದನಿ ತಗ್ಗಿಸುತ್ತಾನೆ ಎಂದು ಪ್ರತೀತಿ.

"ಇಳಿಯಪ್ಪ ಕೆಳಕ್ಕೆ," ಅಂದಳು.

ಸಿದ್ದರಾಜು ಇಳಿದ. "ಏನಕ್ಕಾ?"

"ಅಕ್ಕ ಅನ್ನೋನು ಅಕ್ಕತಂಗೀರ್ ನೋಡಿ ಸಿಳ್ಳೆ ವಡೀತಾನಾ? ದಿನಾ ಇಲ್ಲಿಗ್ ಬಂದು ಸ್ಲೋ ಮಾಡದು, ಸಿಳ್ಳೆ ವಡೆಯದು, ಓಗದು. ಈ ವಯಸ್ಸಿಗೆ ನಾಚ್ಕೆ ಆಗಲ್ವಾ?"

"ನಾನಲ್ಲ ಕಣಕ್ಕ, ಗಾಡಿ."

ಹೆಂಗಸರೆಲ್ಲ ನಕ್ಕರು. ಸಿದ್ದರಾಜುವಿಗೆ ತಾನು ಹೇಳಿದ್ದು ತನಗೇ ಸುಳ್ಳಿನಂತೆ ಕೇಳಿಸಿತು.

"ನಂಗೆ ಸಿಳ್ಳೆ ವಡ್ಯಕ್ಕೇ ಬರಾಕಿಲ್ಲ. ಬೇಕಾರೆ ನೋಡು," ಎಂದು ತುಟಿ ಮುಂದೆ ಮಾಡಿ ಊದಿದ. ಬರೀ ಹೊಗೆಯಂಥ ಉಸಿರು ಬಂತು.

"ಬರದೆ ಇರೋನೂ ಹಿಂಗೇ ಊದ್ತಾನೆ, ಸಿಗಾಕ್ಕಂಡೋನೂ ಹಿಂಗೇ ಊದ್ತಾನೆ," ಅಂದಳು ಚಿಕ್ಕಬೋರಮ್ಮ. "ನಿಮ್ಮೂರಲ್ಲಿ ನಮ್ ನೆಂಟ್ರವ್ರೆ. ನಿನ್ ಎಂಡ್ರಿಗೆ ಏಳಿಕಳಿಸ್ತೀನಿ ತಡಿ."

ಇಷ್ಟು ಮಾತಾಡುವ ಹೊತ್ತಿಗೆ ನಿಂತಲ್ಲೇ ಓಡುತ್ತಿದ್ದ ಎಂಜಿನ್ನು ಬೆಚ್ಚಗಾಗಿತ್ತು. ಸಿದ್ದರಾಜು ಗಾಡಿ ಹತ್ತಿ ಹೊರಟಾಗ ಅದು ಸಾಧುವಿನಂತೆ ಸುಮ್ಮನೆ ಹೋಯಿತು. ಹಿಂದಿನಿಂದ ಒಬ್ಬಳು, "ನೋಡಿದ್ರಾ, ಬೈದ ಮ್ಯಾಕೆ ನಿಂತೋಯ್ತು," ಅಂದದ್ದು ಅವನಿಗೂ ಕೇಳಿಸಿತು.

ಸಿದ್ದರಾಜು ಮದ್ದೂರಿನಿಂದ ಮರಳುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಮನೆ ಸೇರಿತ್ತು. ಹೆಂಡತಿ ಬೆಳ್ಳಮ್ಮ ಬೈಯಲಿಲ್ಲ, ಅಳಲಿಲ್ಲ. ತಟ್ಟೆಗೆ ಮುದ್ದೆ ಹಾಕಿದ ರಭಸಕ್ಕೆ ಸಾರು ಅವನ ಅಂಗಿಗೆ ಸಿಡಿಯಿತು, ಅಷ್ಟೆ. ಅವನು ಎಲ್ಲವನ್ನೂ ವಿವರಿಸಿದ. ಅವಳು ಕೊನೆಯವರೆಗೂ ಕೇಳಿ ಒಂದೇ ಮಾತು ಅಂದಳು:

"ಮದ್ವೆ ಆಗಿ ಇಷ್ಟ್ ವರ್ಸ ಆಯ್ತು. ಒಂದಿನಾರೂ ನನ್ ನೋಡಿ ಸಿಳ್ಳೆ ವಡ್ದಿದ್ದೀಯಾ?"

ಇದಕ್ಕೆ ಏನು ಉತ್ತರ ಕೊಟ್ಟರೂ ಕಷ್ಟ ಎಂದು ಸಿದ್ದರಾಜು ಮುದ್ದೆ ನುಂಗಿದ.

ಮರುದಿನವೇ ಮಳವಳ್ಳಿಯ ಖಾಸಿಂನ ಗ್ಯಾರೇಜಿನ ಮುಂದೆ ಗಾಡಿ ನಿಲ್ಲಿಸಿದ. ಖಾಸಿಂ ಹಳೆಯ ಪರಿಚಯ, ಇವನಿಗಿಂತ ಸ್ವಲ್ಪ ದೊಡ್ಡವನು. ಬಾನೆಟ್ ಎತ್ತಿ, ಕಿವಿ ಕೊಟ್ಟು, ತಲೆಯಾಡಿಸಿ, "ಯಾವ ಸಿಳ್ಳೆನೂ ಇಲ್ವಲ್ಲ ರಾಜಣ್ಣ," ಅಂದ. ಬೆಳಕವಾಡಿಯಿಂದ ಮಳವಳ್ಳಿಗೆ ಬರುವಷ್ಟರಲ್ಲಿ ಎಂಜಿನ್ನು ಕಾದಿರುತ್ತದೆ. ಕಾದ ಮೇಲೆ ಅದರಷ್ಟು ಮರ್ಯಾದಸ್ಥ ಗಾಡಿ ತಾಲ್ಲೂಕಿನಲ್ಲೇ ಇಲ್ಲ. ಆದರೂ ಬಂದ ಗಿರಾಕಿಯನ್ನು ಬರಿಗೈಲಿ ಕಳಿಸಬಾರದೆಂದು ಖಾಸಿಂ ಫ್ಯಾನ್ ಬೆಲ್ಟು ಬದಲಾಯಿಸಿದ. ಮಾರನೆಯ ಬೆಳಿಗ್ಗೆ ಹಂಪಿನಲ್ಲಿ ಹೊಸ ಬೆಲ್ಟಿನ ಗಾಡಿ ಹಳೆಯ ಶಿಳ್ಳೆಯನ್ನೇ ಹೊಡೆಯಿತು. ಚಿಕ್ಕಬೋರಮ್ಮ ಎರಡೂ ಕೈ ಸೊಂಟಕ್ಕಿಟ್ಟು ನೋಡಿದಳು. ಸಿದ್ದರಾಜು ಕಿಟಕಿಯಿಂದ ಮುಖ ತೋರಿಸಿ, ಬಾಯಿ ಮುಚ್ಚಿದೆ ಎಂದು ಬೆರಳಿಟ್ಟು ಸನ್ನೆ ಮಾಡಿದ. ಅದು ಇನ್ನೂ ಕೆಟ್ಟದಾಗಿ ಕಂಡಿತು.

"ಚಳೀಲೇ ಬರೋದು ಅಂದ್ರೆ ಚಳಿ ಮಾಡಣ," ಅಂದ ಖಾಸಿಂ, ಗಾಡಿ ಮತ್ತೆ ಗ್ಯಾರೇಜಿಗೆ ಬಂದಾಗ. ಪಕ್ಕದ ಮೀನಿನ ಅಂಗಡಿಯಿಂದ ಒಂದು ಬುಟ್ಟಿ ಐಸು ತರಿಸಿ ಎಂಜಿನ್ನಿನ ಮೇಲೆ, ಪೈಪುಗಳ ಸಂದಿಗೆ ತುಂಬಿದ. ಐಸು ಚುಯ್ ಎಂದು ಕರಗಿ, ಹಬೆಯೆದ್ದು, ಎಂಜಿನ್ನು ಕೆಮ್ಮಿತೇ ಹೊರತು ಶಿಳ್ಳೆ ಬರಲಿಲ್ಲ. ಬಂದದ್ದು ಮೀನಿನ ವಾಸನೆ. ಅದೂ ಕಾದ ಎಂಜಿನ್ನಿನ ಮೇಲೆ ಬೆಂದ ವಾಸನೆ. ಮದ್ದೂರು ಮಾರ್ಕೆಟ್ಟಿನಲ್ಲಿ ಗಾಡಿ ನಿಂತರೆ ಸಾಕು, ಬೆಕ್ಕುಗಳು ಬಂದು ಬಾನೆಟ್ಟಿನ ಕೆಳಗೆ ಕೂರುತ್ತಿದ್ದವು. ಎಳನೀರು ಕೊಳ್ಳುವ ವ್ಯಾಪಾರಿಯೊಬ್ಬ ಕಾಯಿ ಮೂಸಿ ನೋಡಿದ.

"ನೋಡು ಖಾಸಿಮಣ್ಣ," ಅಂದ ಸಿದ್ದರಾಜು. "ಇದು ರಿಪೇರಿ ವಿಸ್ಯ ಅಲ್ಲ, ಮಾನದ್ ವಿಸ್ಯ. ಗಾಡಿ ನಿನ್ ತಾವ್ಕೆ ಬಂದ್ರೆ ಬಿಸಿ ಆಗ್ಬುಡ್ತದೆ. ನೀನೇ ಗಾಡಿ ತಾವ್ಕೆ ಬಾ."

ಬಿಸಿಲೇರುವವರೆಗೆ ಹಾಸಿಗೆ ಬಿಡದ ಖಾಸಿಂ ಸಂಜೆಯೇ ಬೆಳಕವಾಡಿಗೆ ಬಂದು ಸಿದ್ದರಾಜುವಿನ ಪಡಸಾಲೆಯಲ್ಲಿ ಮಲಗಿದ. ಮುಂಜಾನೆ ಮಂಕಿ ಟೋಪಿ, ಎರಡು ಸ್ವೆಟರ್, ಅದರ ಮೇಲೆ ಬೆಳ್ಳಮ್ಮ ಕೊಟ್ಟ ಶಾಲು ಹೊದ್ದು ಗಾಡಿಯ ಮುಂದೆ ನಿಂತಾಗ ಅವನ ಕಣ್ಣುಗಳು ಮಾತ್ರ ಕಾಣುತ್ತಿದ್ದವು. ಸಿದ್ದರಾಜು ಸ್ಟಾರ್ಟ್ ಮಾಡಿ ಆಕ್ಸಿಲರೇಟರ್ ಮೇಲೆ ಕಾಲಿಟ್ಟ. ಗಾಡಿಯನ್ನು ಎತ್ತು ಸಾಕಿದಂತೆ ಸಾಕಿದವನು; ಅವನು ತುಳಿಯುವುದೂ ಸವರಿದ ಹಾಗೆ. ಏನೂ ಕೇಳಿಸಲಿಲ್ಲ.

"ಲೋಡ್ ಎಳೀವಾಗ ಬರೋದು ಇದು," ಅಂದ ಖಾಸಿಂ. "ನಡಿ, ಆ ಹಂಪಿಗೇ ಓಗಣ."

ಹಂಪು ಬಂತು. ಗಾಡಿ ನಿಧಾನವಾಯಿತು, ದಾಟಿತು, 'ಸುಯ್ಯ್' ಅಂದಿತು. ಅದೇ ಗಳಿಗೆಯಲ್ಲಿ, ಶಬ್ದ ಚೆನ್ನಾಗಿ ಕೇಳಲೆಂದು ಖಾಸಿಂ ಕಿಟಕಿಯಿಂದ ತಲೆ ಹೊರಹಾಕಿದ್ದ. ಚಿಕ್ಕಬೋರಮ್ಮನಿಗೆ ಕಂಡದ್ದು ಮಂಕಿ ಟೋಪಿಯ ಮುಸುಕಿನೊಳಗಿಂದ ತನ್ನ ಕಡೆಗೇ ನೋಡುತ್ತಿದ್ದ ಎರಡು ಕಣ್ಣು.

"ಇವತ್ತು ಜೊತೆಗಾರನ್ನ ಬೇರೆ ಕರ್ಕಂಬಂದವ್ನೆ ಕಣ್ರೇ," ಎಂದು ಅವಳು ರಸ್ತೆಗೆ ಇಳಿದಳು. ಹಿಂದೆ ಉಳಿದವರೂ ಇಳಿದರು. ಸಿದ್ದರಾಜು ಬ್ರೇಕ್ ಹಾಕಿ, ಎಂಜಿನ್ನು ಬಿಸಿಯಾಗದಿರಲೆಂದು ಕೂಡಲೇ ಆಫ್ ಮಾಡಿದ.

ಖಾಸಿಂ ಟೋಪಿ ತೆಗೆದು ಬಿಳಿ ಗಡ್ಡ ತೋರಿಸಿದ. "ನಾನು ಮೆಕ್ಯಾನಿಕ್ಕು ಕಣಮ್ಮ. ಮೊಮ್ಮಕ್ಕಳಿರೋನು."

"ಇವ್ನೂ ಅಂಗೇ ಏಳ್ದ. ಇಬ್ರೂ ಇಳೀರಿ. ಗಾಡೀನೇ ಸಿಳ್ಳೆ ವಡೀತದೆ ಅಂದ್ರೆ ವಡಿಸಿ ತೋರ್ಸಿ. ಆದ್ರೆ ಗಾಡಿ ಒಳಗೆ ನಾನ್ ಕೂರ್ತೀನಿ. ಗಗನಾ, ನಿನ್ ನೀರಿನ ಬಾಟ್ಲು ಕೊಡವ್ವ."

ಗಗನ ಅಲ್ಲಿದ್ದವರಲ್ಲೆಲ್ಲ ಚಿಕ್ಕವಳು, ಹೊಸದಾಗಿ ಕೆಲಸಕ್ಕೆ ಸೇರಿದವಳು. ಬಾಟಲಿ ಕೊಟ್ಟಳು.

"ಇಬ್ರೂ ಬಾಯ್ತುಂಬ ನೀರು ತುಂಬ್ಕಳಿ. ನುಂಗಂಗಿಲ್ಲ, ಉಗಿಯಂಗಿಲ್ಲ. ಬಾಯಲ್ಲಿ ನೀರಿದ್ರೆ ಯಾವೋನೂ ಸಿಳ್ಳೆ ವಡ್ಯಕ್ಕಾಗಕಿಲ್ಲ. ಈಗ ಸಬ್ದ ಬಂತೋ, ಗಾಡೀದು. ಬರ್ನಿಲ್ವೋ, ನಿಮ್ದು."

ಸಿದ್ದರಾಜುವಿಗೆ ಈ ನ್ಯಾಯದಲ್ಲಿ ತಪ್ಪೇನೂ ಕಾಣಲಿಲ್ಲ. ಖಾಸಿಂ ಗೇರು ತೆಗೆದು, ಹ್ಯಾಂಡ್‌ಬ್ರೇಕ್ ಎಳೆದು, ಗಾಡಿ ಸ್ಟಾರ್ಟ್ ಮಾಡಿ, ಯಾವುದನ್ನು ತುಳಿಯಬೇಕೆಂದು ತೋರಿಸಿ, ಬಾನೆಟ್ ಎತ್ತಿದ. ಆಮೇಲೆ ಇಬ್ಬರೂ ಹಲ್ಲು ಜುಮ್ಮೆನ್ನುವಷ್ಟು ತಣ್ಣಗಿದ್ದ ನೀರು ತುಂಬಿಕೊಂಡು, ಕೆನ್ನೆ ಉಬ್ಬಿಸಿ, ಎಂಜಿನ್ನಿನ ಆ ಕಡೆ ಈ ಕಡೆ ನಿಂತರು.

ಚಿಕ್ಕಬೋರಮ್ಮ ವರ್ಷಗಳಿಂದ ಹೊಲಿಗೆ ಮಿಷನ್ನಿನ ಪೆಡಲ್ ತುಳಿದವಳು. ಆಕ್ಸಿಲರೇಟರನ್ನೂ ಹಾಗೆಯೇ ತುಳಿದಳು, ಒಂದೇ ಸಲಕ್ಕೆ, ತಳಕ್ಕೆ ಮುಟ್ಟುವಂತೆ. ಗಾಡಿ ಅದುವರೆಗೆ ತನ್ನ ಯಜಮಾನನ ಕಾಲಿನಿಂದ ಅಂಥದ್ದನ್ನು ಕಂಡಿರಲಿಲ್ಲ. ಗರ್ಜಿಸಿತು, ಗರ್ಜನೆಯ ಮೇಲೆ, ಹಂಪಿನಿಂದ ಆಚೆ ಗದ್ದೆಯವರೆಗೂ ಕೇಳುವಂತೆ, ಶಿಳ್ಳೆ ಹೊಡೆಯಿತು.

ಹೆಂಗಸರು ಎರಡು ಜೊತೆ ಕೆನ್ನೆಗಳನ್ನು ನೋಡಿದರು. ನೀರು ಒಂದು ಹನಿ ಸೋರಿರಲಿಲ್ಲ. ಸಿದ್ದರಾಜು ಎರಡೂ ಕೈಯಿಂದ ತನ್ನ ಬಾಯಿಯನ್ನೂ ಗಾಡಿಯನ್ನೂ ಬಾರಿ ಬಾರಿಗೆ ತೋರಿಸಿದ. ಚಿಕ್ಕಬೋರಮ್ಮ ಇನ್ನೊಮ್ಮೆ ತುಳಿದು ಕಾಲು ಹಾಗೇ ಒತ್ತಿ ಹಿಡಿದಳು. ಮತ್ತೆ ಶಿಳ್ಳೆ.

ಖಾಸಿಂಗೆ ಆಗ ಬೇರೆ ಯಾರೂ ಕಾಣುತ್ತಿರಲಿಲ್ಲ. ಇಷ್ಟು ದಿನ ಕೈಗೆ ಸಿಗದ ಶಬ್ದ ಮೂಗಿನ ಕೆಳಗೆ ಬಂದಿತ್ತು. ಕೈಗೆ ಬಟ್ಟೆ ಸುತ್ತಿಕೊಂಡು ಒಂದೊಂದೇ ರಬ್ಬರ್ ಪೈಪನ್ನು ಹಿಡಿದು ಅಮುಕುತ್ತ ಬಂದ. ಇದಲ್ಲ. ಇದೂ ಅಲ್ಲ. ಕೊನೆಗೆ ಎಂಜಿನ್ನಿಗೆ ಗಾಳಿ ತಳ್ಳುವ ಟರ್ಬೊದಿಂದ ಹೊರಡುವ ದಪ್ಪ ಪೈಪಿನ ಅಡಿಭಾಗ ಅಮುಕಿದ. ಶಿಳ್ಳೆ ಗಪ್ಪಾಯಿತು. ಕೈ ಬಿಟ್ಟ, ಬಂತು. ಅಮುಕಿದ, ನಿಂತಿತು. ಖುಷಿಗೆ ಬೇಗ ಬೇಗ ಅಮುಕಿ ಬಿಟ್ಟು ಮಾಡತೊಡಗಿದ.

"ಅಜ್ಜ ನಾಗಸ್ವರ ನುಡಿಸ್ತಾವ್ರೆ," ಅಂದಳು ಗಗನ.

ಅಷ್ಟೇ ಸಾಕಾಯಿತು. ಸಿದ್ದರಾಜುವಿಗೆ ನಗು ತಡೆಯಲಾಗದೆ ನೀರು ಅಡ್ಡದಾರಿ ಹಿಡಿದು ಮೂಗಿನಿಂದ ಬಂತು. ಅದನ್ನು ನೋಡಿ ಖಾಸಿಂನ ಬಾಯಿಯ ನೀರು ಕಾರಂಜಿಯಂತೆ ಎಂಜಿನ್ನಿನ ಮೇಲೆ ಬಿತ್ತು. ಇಬ್ಬರೂ ಕೆಮ್ಮುತ್ತ ಬಂಪರಿಗೆ ಒರಗಿದರು. ಹೆಂಗಸರು ಟಿಫನ್ ಚೀಲ ಕೆಳಗಿಟ್ಟು, ಒಬ್ಬರ ಭುಜ ಒಬ್ಬರು ಹಿಡಿದುಕೊಂಡು ನಕ್ಕರು.

"ರಬ್ಬರು ಕಣಮ್ಮ," ಅಂದ ಖಾಸಿಂ ಉಸಿರು ತಿರುಗಿದ ಮೇಲೆ. "ಚಳಿಗೆ ನಮ್ ತುಟಿ ಒಡೀತದಲ್ಲ, ಅಂಗೇ ಇದಕ್ಕೂ ಬಿರುಕು ಬಾಯ್ ಬಿಡ್ತದೆ. ಜೋರಾಗಿ ತುಳಿದ್ರೆ ಗಾಳಿ ಅಲ್ಲಿಂದ ನುಗ್ತದೆ. ಬಿಸಿ ಆಯ್ತು ಅಂದ್ರೆ ರಬ್ಬರು ಮೆತ್ತಗಾಗಿ ಮುಚ್ಕೊತದೆ. ಅದಕ್ಕೇ ನಂಗೆ ಸಿಕ್ಕಿರ್ಲಿಲ್ಲ."

ಚಿಕ್ಕಬೋರಮ್ಮ ಗಾಡಿಯಿಂದ ಇಳಿದು ಬಿರುಕಿಗೆ ತಾನೇ ಬೆರಳಿಟ್ಟು ನೋಡಿದಳು. ತಪ್ಪಾಯಿತು ಅನ್ನುವುದು ಅವಳ ಬಾಯಿಗೆ ಒಗ್ಗದ ಮಾತು. "ಗಾಡಿಗೂ ವಸಿ ಮಾನ ಮರ್ವಾದೆ ಕಲ್ಸಪ್ಪ," ಅಂದಳು. ಅಷ್ಟರಲ್ಲಿ ಬಸ್ಸು ಬಂತು.

ಖಾಸಿಂ ಸದ್ಯಕ್ಕೆ ಸೈಕಲ್ ಟ್ಯೂಬ್ ಕತ್ತರಿಸಿ ಪೈಪಿಗೆ ಬಿಗಿಯಾಗಿ ಸುತ್ತಿದ. ಆಮೇಲೆ ಮಂಡ್ಯದಿಂದ ಹೊಸ ಪೈಪು ತರಿಸಿ ಹಾಕಿದ. ಹಂಪಿನಲ್ಲಿ ಗಾಡಿ ಸದ್ದಿಲ್ಲದೆ ದಾಟತೊಡಗಿತು.

ಸ್ವಲ್ಪ ದಿನಗಳ ಮೇಲೆ ಫ್ಯಾಕ್ಟರಿ ಬಸ್ಸು ಕೆಟ್ಟು ನಿಂತ ಒಂದು ಬೆಳಿಗ್ಗೆ ಚಿಕ್ಕಬೋರಮ್ಮ ಮತ್ತೆ ಗಾಡಿಗೆ ಕೈ ಅಡ್ಡ ಹಿಡಿದಳು. ಸಿದ್ದರಾಜು ಬ್ರೇಕ್ ಹಾಕುತ್ತಲೇ ಬಾನೆಟ್ಟಿನ ಕಡೆ ಕಿವಿಗೊಟ್ಟ. "ಮದ್ದೂರ್ಗಂಟ ಬುಟ್ಬುಡ್ತೀಯಾ?" ಎಂದಳು. ಉಳಿದವರು ಹಿಂದೆ ಎಳನೀರಿನ ರಾಶಿ ಹತ್ತಿದರು, ಅವಳು ಮುಂದೆ ಕೂತಳು.

"ದಿಟವಾಗ್ಲೂ ಸಿಳ್ಳೆ ವಡ್ಯೋರು ಅವ್ರೆ ಕಣಪ್ಪ," ಅಂದಳು, ಮಳವಳ್ಳಿ ದಾಟಿದ ಮೇಲೆ. "ಬೈಕಲ್ ಬತ್ತಾರೆ. ಆ ಗಗನ ಮನೇಲಿ ಅತ್ಕಂಡು ಕೆಲ್ಸ ಬುಡ್ತೀನಿ ಅಂತಿತ್ತು. ಅವ್ರು ಯಾರೂ ನಿಲ್ಸಾಕಿಲ್ಲ. ಸ್ಲೋ ಮಾಡಿ ಕೈಗ್ ಸಿಕ್ಕೋನು ನೀನೊಬ್ನೆ."

ಸಿದ್ದರಾಜುವಿಗೆ ತನಗಾದ ಅವಮಾನವನ್ನೇ ಇಷ್ಟು ದಿನ ಮೆಲುಕು ಹಾಕುತ್ತಿದ್ದೆನಲ್ಲ ಅನ್ನಿಸಿತು.

ಮರುದಿನ ಅವನು ಸ್ವಲ್ಪ ಬೇಗನೇ ಹೊರಟು, ಹ್ಯಾಂಡ್‌ಪೋಸ್ಟಿನಲ್ಲಿ ಗಾಡಿಯನ್ನು ಹಂಪಿನ ಬದಿಗೆ, ಬೈಕಿನವರು ಅದರ ಪಕ್ಕದಲ್ಲೇ ನಿಧಾನವಾಗಿ ಹಾಯುವಂತೆ ನಿಲ್ಲಿಸಿ, ಬೀಡಿ ಹಚ್ಚಿ ಬಸ್ಸು ಬರುವವರೆಗೂ ನಿಂತ. ಬೈಕಿನವರು ದೂರದಲ್ಲಿ ಶುರುಮಾಡಿದ ಶಿಳ್ಳೆಯನ್ನು, ಗಾಡಿಯನ್ನೂ ಅದಕ್ಕೆ ಒರಗಿದ ದಪ್ಪ ಮೀಸೆಯನ್ನೂ ಕಂಡು ಅರ್ಧಕ್ಕೇ ನುಂಗಿ, ತಲೆ ತಗ್ಗಿಸಿ ದಾಟಿದರು. ಅದರ ಮಾರನೆಯ ದಿನವೂ ನಿಂತ. ಹೊತ್ತಿಗೆ ಮುಂಚೆ ಯಾಕೆ ಹೊರಡುತ್ತೀಯ ಎಂದು ಬೆಳ್ಳಮ್ಮ ಕೇಳಿದಾಗ ಇದ್ದದ್ದು ಇದ್ದಂತೆ ಹೇಳಿದ. ಅವಳು ಅವನ ಮುಖವನ್ನು ಒಂದು ಗಳಿಗೆ ನೋಡಿ ಒಳಗೆ ಹೋದಳು; ಬರುವಾಗ ಫ್ಲಾಸ್ಕಿನಲ್ಲಿ ಕಾಫಿ ತಂದು ಸೀಟಿನ ಮೇಲಿಟ್ಟಳು.

"ನಿಂಗಲ್ಲ," ಅಂದಳು. "ಚಳೀಲಿ ನಿಂತಿರ್ತಾರಲ್ಲ ಎಣ್ಮಕ್ಳು, ಅವ್ರಿಗೆ."