ಪಟಿಕದ ಪಕ್ಕದ ಬಾಟಲಿ

ಕುಲುಮೆಯ ಬಾಯಿಂದ ಹೊರಬಂದ ದಿನ ನಾನೊಬ್ಬಳೇ ಇರಲಿಲ್ಲ. ನನ್ನ ಜೊತೆಗೇ ಇನ್ನೊಂದು ಕಂದು ಗಾಜಿನ ಬಾಟಲಿ ಹುಟ್ಟಿತು. ಅದೇ ಎತ್ತರ, ಅದೇ ಗಿಡ್ಡ ಕುತ್ತಿಗೆ, ಅದೇ ಗಾಜಿನ ಬಿರಡೆ. ಇಬ್ಬರನ್ನೂ ಹುಲ್ಲಿನಲ್ಲಿ ಸುತ್ತಿ ಒಂದೇ ಪೆಟ್ಟಿಗೆಯಲ್ಲಿಟ್ಟು ರೈಲಿಗೆ ಹಾಕಿದರು. ಗದಗಿನಲ್ಲಿ ಇಳಿದೆವು. ಫೋಟೋ ತೆಗೆಯುವ ತೋಟಪ್ಪ ನಮ್ಮನ್ನು ತನ್ನ ಸ್ಟುಡಿಯೋದ ಕತ್ತಲೆ ಕೋಣೆಯ ಮೇಲಿನ ಹಲಗೆಯಲ್ಲಿ ಅಕ್ಕಪಕ್ಕ ಕೂರಿಸಿದ.

ಜೊತೆಗೆ ಹುಟ್ಟಿದ ಆ ಬಾಟಲಿ ನನಗೆ ಅಣ್ಣ. ಅಣ್ಣನ ಹೊಟ್ಟೆಗೆ ಕೊಳೆ ನೀರು ತಿಳಿಮಾಡುವ ಪಟಿಕದ ಪುಡಿ ಬಿತ್ತು. ಬೇಸಿಗೆಯಲ್ಲಿ ಫಿಲ್ಮಿನ ಮೇಲಿನ ಪದರ ಕರಗದ ಹಾಗೆ ತೋಟಪ್ಪ ಅದನ್ನು ಬಳಸುತ್ತಿದ್ದ. ನನ್ನೊಳಗೂ ಬಿಳಿ ಪುಡಿಯೇ. ಆದರೆ ಅದು ಪಾದರಸದಿಂದ ಮಾಡಿದ್ದು, ಪಟಿಕಕ್ಕಿಂತ ಬಹಳ ಭಾರ. ಮಂಕಾದ ನೆಗೆಟಿವ್ ನನ್ನ ನೀರಿನಲ್ಲಿ ಮಿಂದರೆ ಕಪ್ಪು ಬಿಳುಪು ಎದ್ದು ಕಾಣುತ್ತಿತ್ತು. ಮನುಷ್ಯರ ಹೊಟ್ಟೆಗೆ ಹೋದರೆ ಮಾತ್ರ ಉಳಿಗಾಲವಿಲ್ಲ.

ನನ್ನನ್ನು ತೆರೆಯುವಾಗ ತೋಟಪ್ಪ ಉಸಿರು ಬಿಗಿಹಿಡಿಯುತ್ತಿದ್ದ. ಆಮೇಲೆ ಮೂರು ಸಲ ಕೈ ತೊಳೆಯುತ್ತಿದ್ದ. ಯಾಕೆಂದು ಯಾರಿಗೂ ಹೇಳಿದವನಲ್ಲ. ಅವನ ಗುರು ಸಹ ಅವನಿಗೆ ಹೇಳಿರಲಿಲ್ಲ. ಗುರುವಿನ ಬೆರಳು ನಡುಗಲು ಶುರುವಾಗಿ, ವಸಡು ಬಾತು, ಹಲ್ಲು ಒಂದೊಂದೇ ಕಳಚಿದಾಗ ತೋಟಪ್ಪನೇ ತಿಳಿದುಕೊಂಡಿದ್ದ. ಕೆಂಪು ದೀಪದ ಬೆಳಕಿನಲ್ಲಿ ಚೀಟಿಯ ಅಕ್ಷರ ಕಾಣುವುದಿಲ್ಲವೆಂದು ನನ್ನ ಕುತ್ತಿಗೆಗೆ ಮೂರು ಗಂಟಿನ ದಾರ ಕಟ್ಟಿದ್ದ. ಬೆರಳಿಗೆ ಗಂಟು ತಾಗಿದರೆ ವಿಷ. ಆ ಗುಟ್ಟು ಅವನಿಗೂ ನನಗೂ ಮಾತ್ರ ಗೊತ್ತಿತ್ತು.

ಅವನ ಹೆಂಡತಿ ಸಾವಂತ್ರವ್ವ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ. ಆದರೆ ಫೋಟೋಗಳಿಗೆ ಬಣ್ಣ ಹಚ್ಚಲು ಕೂತರೆ ಮದುಮಗಳ ಕೆನ್ನೆಗೆ ಎಷ್ಟು ಗುಲಾಬಿ ಬೇಕೆಂದು ಕಣ್ಣಳತೆಯಲ್ಲೇ ಹೇಳುತ್ತಿದ್ದಳು. "ಆ ಬಾಟಲ್ಯಾಗ ಏನೈತ್ರಿ?" ಎಂದು ಒಮ್ಮೆ ನನ್ನತ್ತ ಕೈ ತೋರಿಸಿ ಕೇಳಿದ್ದಳು.

"ನಿನಗ್ಯಾಕ ಅದು? ಧಂದೆದ ಮಾತು ಹೆಂಗಸರಿಗೆ ಹೇಳಬಾರದು," ಎಂದು ಅವನು ನಕ್ಕಿದ್ದ. ಆ ನಗು ಕೇಳಿ ನನ್ನ ಗಾಜು ತಣ್ಣಗಾಗಿತ್ತು.

ಒಂದು ವರ್ಷ ಆಯುಧ ಪೂಜೆಯ ಮುಂಜಾನೆ ತೋಟಪ್ಪ ಹೂವು ತರಲು ಪೇಟೆಗೆ ಹೋದ. ಕ್ಯಾಮೆರಾ, ಮೂರುಕಾಲಿನ ಸ್ಟ್ಯಾಂಡು, ತಟ್ಟೆಗಳು ಎಲ್ಲವನ್ನೂ ಒರೆಸಿದ ಸಾವಂತ್ರವ್ವ ನಮ್ಮನ್ನೂ ಕೆಳಗಿಳಿಸಿದಳು. ಧೂಳು ಹಿಡಿದ ಚೀಟಿಗಳನ್ನು ನೆನೆಸಿ ಕಿತ್ತಳು. ಹಬ್ಬದ ದಿನ ಹೊಲಸು ದಾರ ಯಾಕೆಂದು ನನ್ನ ಕುತ್ತಿಗೆಯದನ್ನು ಕತ್ತರಿಸಿ ಒಲೆಗೆ ಹಾಕಿದಳು. ನನಗೂ ಅಣ್ಣನಿಗೂ ಒಂದೇ ಥರ ವಿಭೂತಿ ಬಳಿದು, ಕುಂಕುಮವಿಟ್ಟು, ಮತ್ತೆ ಹಲಗೆಯ ಮೇಲಿಡುವಾಗ ನಮ್ಮ ಜಾಗ ಅದಲುಬದಲಾಯಿತು. ಈಗ ನಮ್ಮನ್ನು ಬೇರೆ ಮಾಡುವ ಗುರುತೇ ಇರಲಿಲ್ಲ. ಬಾಯಿದ್ದರೆ ನಾನು ಚೀರುತ್ತಿದ್ದೆ.

ಅಷ್ಟರಲ್ಲಿ ಪಕ್ಕದ ಮನೆಯ ಬಸಲಿಂಗವ್ವ ಬಂದಳು.

"ಸಾವಂತ್ರವ್ವಾ, ನಳದಾಗ ಕೆಂಪು ನೀರು ಬರಾಕತ್ತೈತಿ. ಹಬ್ಬದ ಅಡಿಗಿ ಹೆಂಗ ಮಾಡಲಿ? ಒಂದೀಟು ಪಟಿಕ ಕೊಡು."

ಸಾವಂತ್ರವ್ವನ ಕೈ ಹಲಗೆಯತ್ತ ಏರಿತು. ಅಣ್ಣನನ್ನು ದಾಟಿ ನನ್ನನ್ನು ಹಿಡಿಯಿತು. ಬಿರಡೆ ತೆಗೆದು ಕಾಗದದ ಮೇಲೆ ಒಂದು ಚಿಟಿಕೆ ಸುರಿದಳು. ಬಸಲಿಂಗವ್ವ ಅದನ್ನು ಮಡಚಿಕೊಂಡು ಹೊರಟಳು. ಆ ಮನೆಯಲ್ಲಿ ಏಳು ಜನ ಉಣ್ಣುವವರು.

ತೋಟಪ್ಪ ಹೂವಿನ ಬುಟ್ಟಿ ಹಿಡಿದು ಒಳಗೆ ಬಂದಾಗ ಸಾವಂತ್ರವ್ವ ಸುಮ್ಮನೆ ಅಂದಳು: "ಏನ್ರಿ, ಈ ಸಲ ಪಟಿಕ ಭಾಳ ಭಾರ ಐತಲ್ಲ? ಬಸಲಿಂಗಕ್ಕಗ ಕೊಡಾಕ ಬಾಟಲಿ ಎತ್ತಿದ್ರ ಕೈ ಜಗ್ಗಿತು."

ತೋಟಪ್ಪ ಹಲಗೆಯತ್ತ ನೋಡಿದ. ನಾವಿಬ್ಬರೂ ತೊಳೆದ ಮುಖದಿಂದ ಅವನನ್ನೇ ನೋಡುತ್ತಿದ್ದೆವು. ಒಂದೊಂದು ಕೈಯಲ್ಲಿ ಒಂದೊಂದನ್ನು ಎತ್ತಿ ತೂಗಿದ. ನಾನಿದ್ದ ಕೈ ಕೆಳಗಿಳಿಯಿತು. ಹೂವಿನ ಬುಟ್ಟಿ ಅವನ ಕಾಲಿಗೆ ತಾಗಿ ಉರುಳಿತು.

"ಯಾವಾಗ ಕೊಟ್ಟಿ?"

"ಈಗ, ಸ್ವಲ್ಪ ಹೊತ್ತಾತು. ಯಾಕ್ರಿ?"

ತೋಟಪ್ಪ ನನ್ನನ್ನು ಮುಷ್ಟಿಯಲ್ಲಿ ಹಿಡಿದೇ ಓಡಿದ. ಹಿಂದೆ ಸಾವಂತ್ರವ್ವ.

ಬಸಲಿಂಗವ್ವನ ಅಡಿಗೆಮನೆಯಲ್ಲಿ ಕೊಡದ ಮುಂದೆ ಸೊಸೆ ನಿಂತಿದ್ದಳು. "ಎಷ್ಟೊತ್ತು ಕಾಯೂದ್ರಿ ಅತ್ತೀ? ತಿಳಿ ಆಗವಲ್ದು. ಹಂಗ ಸೋಸಿ ಬ್ಯಾಳಿಗೆ ಇಡ್ತೇನಿ," ಎನ್ನುತ್ತಾ ಕೊಡ ಬಗ್ಗಿಸುತ್ತಿದ್ದಳು. ತೋಟಪ್ಪ ಒಲೆಯ ತನಕ ಚಪ್ಪಲಿ ಕಾಲಲ್ಲೇ ನುಗ್ಗಿ ಕೊಡ ಕಿತ್ತುಕೊಂಡ.

"ಏ ತೋಟಪ್ಪಾ! ತಲಿ ಕೆಟ್ಟೈತೇನು? ಚಪ್ಪಲಿ ಹಾಕ್ಕೊಂಡು ಅಡಿಗಿಮನಿಗೆ ಬರ್ತಿ?"

"ಯಕ್ಕಾ, ಯಾರರೆ ಕುಡದ್ರೇನು? ಮೊದಲು ಅದನ್ನ ಹೇಳು!"

"ಯಾರೂ ಇಲ್ಲ. ಯಾಕೋ?"

ಅವನು ಕೊಡವನ್ನು ಒಲೆಯಿಂದ ದೂರ ಇಟ್ಟ. "ಅದು ಪಟಿಕ ಅಲ್ಲ. ವಿಷ."

ಬಸಲಿಂಗವ್ವ ಸೊಸೆಯನ್ನು ಒಲೆಯಿಂದ ಈಚೆ ಎಳೆದಳು. ಆಮೇಲೆ, "ಹನ್ನೆರಡು ವರ್ಷ ಒಂದ ಗ್ವಾಡಿ ಹಂಚಿಕೊಂಡೇವಿ. ಗ್ವಾಡಿ ಆಚೆ ವಿಷ ಐತಿ ಅಂತ ಒಂದು ಮಾತು ಹೇಳಬಾರದಾಗಿತ್ತಾ?" ಎಂದಳು. ಸಾವಂತ್ರವ್ವ ಗಂಡನ ಮುಖ ನೋಡಿದಳು. ಅವನಿಗೆ ಅದೇ ಹೆಚ್ಚು ಚುಚ್ಚಿತು.

ಊರಾಚೆ ಯಾರೂ ಸುಳಿಯದ ಪಾಳು ಜಾಗದಲ್ಲಿ ಆಳವಾದ ಗುಂಡಿ ತೋಡಿ ಆ ನೀರನ್ನೂ ಕೊಡವನ್ನೂ ಹೂತರು. ಆ ವರ್ಷ ಪೂಜೆ ನಡೆಯಲಿಲ್ಲ. ಮಧ್ಯಾಹ್ನ ಕತ್ತಲೆ ಕೋಣೆಯ ಬಾಗಿಲು ಪೂರ್ತಿ ತೆರೆದು ತೋಟಪ್ಪ ಹೆಂಡತಿಯನ್ನು ಕೂರಿಸಿಕೊಂಡ. ಒಂದೊಂದೇ ಬಾಟಲಿ ಎತ್ತಿ, ಯಾವುದನ್ನು ಮೂಸಬಾರದು, ಯಾವುದನ್ನು ಮುಟ್ಟಬಾರದು ಎಂದು ಹೇಳಿದ. ಗುರುವಿನ ಹಲ್ಲಿನ ಕಥೆಯನ್ನೂ ಹೇಳಿದ. ಕೊನೆಗೆ ತನ್ನ ಎಡಗೈ ಚಾಚಿ ತೋರಿಸಿದ. ಕಿರುಬೆರಳು ಸಣ್ಣಗೆ ಅದುರುತ್ತಿತ್ತು.

"ಎಂದಿನಿಂದ್ರಿ?" ಎಂದಳು ಸಾವಂತ್ರವ್ವ.

"ಎರಡು ವರ್ಷಾತು."

ಅಂದಿನಿಂದ ನನ್ನನ್ನು ಯಾರೂ ತೆರೆಯಲಿಲ್ಲ. ತೋಟಪ್ಪ ತೀರಿಕೊಂಡ. ಬಣ್ಣದ ಫೋಟೋಗಳ ಕಾಲ ಬಂದು ಸ್ಟುಡಿಯೋ ಮುಚ್ಚಿತು. ಗುಜರಿಯವನು ಬಂದಾಗ ಸಾವಂತ್ರವ್ವ ಎಲ್ಲವನ್ನೂ ಕೊಟ್ಟಳು, ನನ್ನನ್ನು ಕೊಡಲಿಲ್ಲ. ಅವಳು ಹೇಳಿಕಳಿಸಿದ ಮೇಲೆ ನನ್ನನ್ನು ಒಯ್ಯಲು ಕಾಲೇಜಿನ ರಸಾಯನಶಾಸ್ತ್ರದ ಮೇಷ್ಟ್ರು ಬಂದರು. "ಇದು ವಿಷ ಅಂತ ಗೊತ್ತೈತ್ರೀ ಅಜ್ಜಿ, ಓದೀನಿ," ಎಂದು ಕೈಚಾಚಿದರು.

"ಓದಿದ್ದು ಇರಲಿ ತಮ್ಮಾ. ಇದರಾಗ ಏನೈತಿ, ನಿನ್ನ ಬಾಯಿಂದ ಹೇಳು. ನಾ ಕೇಳಬೇಕು," ಎಂದಳು. ಅವರು ಹೇಳಿದರು. ಎರಡನೇ ಸಲ ಹೇಳಿಸಿದ ಮೇಲೇ ನನ್ನನ್ನು ಬಿಟ್ಟುಕೊಟ್ಟಳು.

ಈಗ ನಾನು ಕಾಲೇಜಿನ ಕಬ್ಬಿಣದ ಕಪಾಟಿನಲ್ಲಿದ್ದೇನೆ. ಆ ಮೇಷ್ಟ್ರಿಗೆ ವರ್ಗವಾಗಿದೆ. ನನ್ನೊಳಗಿನ ಪುಡಿ ಮೊದಲ ದಿನದಷ್ಟೇ ಬೆಳ್ಳಗಿದೆ. ಕಪಾಟಿನ ಕೀಲಿ ತಿರುಗಿದಾಗಲೆಲ್ಲ ನನಗೆ ಒಂದೇ ಅಂಜಿಕೆ: ಈ ಬಂದವರಿಗೆ ಯಾರಾದರೂ ಹೇಳಿದ್ದಾರೆಯೇ?