ಬೆಳ್ಳುಳ್ಳಿ ಬಿಟ್ಟ ದಿನಗಳು

ಬಾವಿಕಟ್ಟೆಯ ಕಲ್ಲಿನಲ್ಲಿ ಹಗ್ಗ ಉಜ್ಜಿ ಉಜ್ಜಿ ಬಿದ್ದ ಗೆರೆಯಂತೆ ನನ್ನ ಹೆಂಡತಿ ದಾನಮ್ಮನ ಎರಡು ಹೆಗಲ ಮೇಲೂ ಗೆರೆಗಳಿದ್ದವು. ಎದೆಯ ಭಾರ ಹೊತ್ತ ಒಳಉಡುಪಿನ ಪಟ್ಟಿ ಕೊರೆದ ಗೆರೆಗಳವು. ಬೆನ್ನುನೋವಿನಿಂದ ಅವಳಿಗೆ ನೆಟ್ಟಗೆ ಕೂತು ಲಿಂಗಪೂಜೆ ಮಾಡಲಾಗುತ್ತಿರಲಿಲ್ಲ. ಗೋಡೆಗೆ ಒರಗಿ ಮಾಡುತ್ತಿದ್ದಳು. ನಾಚಿಕೆಯಿಂದ ಯಾರಿಗೂ ಹೇಳಲಿಲ್ಲ.

ಕೊನೆಗೆ ಡಾಕ್ಟರ್ ಪದ್ಮಜಾ ಆ ಗೆರೆಗಳ ಮೇಲೆ ಬೆರಳಾಡಿಸಿ, "ಎಷ್ಟು ವರ್ಷ ತಡಕೊಂಡ್ರೆವ್ವಾ! ಆಪರೇಶನ್ ಮಾಡಿ ಭಾರ ಇಳಸ್ತೀನಿ" ಎಂದರು. ಆದರೆ ದಾನಮ್ಮನ ಮೈಯಲ್ಲಿ ರಕ್ತವೇ ಕಡಿಮೆ. ಹೆಚ್ಚು ಹೋದರೆ ಜೀವಕ್ಕೆ ಅಪಾಯ.

"ಕೊಯ್ಯೂದಕ್ಕ ಮೊದಲ ರಕ್ತನಾಳ ಬಿಗಿಯೋ ಔಷಧ ಚುಚ್ಚಿ, ಅದು ಹಿಡಿಯೂತನಕ ಕಾಯ್ತೀನಿ. ನೀವು ಕಬ್ಬಿಣದ ಗುಳಿಗಿ ತಪ್ಪಸಬ್ಯಾಡ್ರಿ. ನೋವಿನ ಗುಳಿಗಿ, ಬೆಳ್ಳುಳ್ಳಿ ಮುಟ್ಟಬ್ಯಾಡ್ರಿ. ಅವು ರಕ್ತ ಲಗೂನ ನಿಲ್ಲಾಕ ಬಿಡಂಗಿಲ್ಲ."

ಆಪರೇಶನ್ನಿನ ದಿನ ನಾಡಿ ನೋಡಲು ಬಗ್ಗಿದ ಡಾಕ್ಟರು ಮೂಗು ಅರಳಿಸಿದರು. "ಬೆಳ್ಳುಳ್ಳಿ ತಿಂದೀರೇನು?"

ದಾನಮ್ಮ ತಲೆ ತಗ್ಗಿಸಿದಳು. ಪಕ್ಕದಲ್ಲಿದ್ದ ನನ್ನ ಅತ್ತಿಗೆ ಸಂಗವ್ವ ಮುಂದೆ ಬಂದಳು. "ನಾನ ಕೊಟ್ಟೀನ್ರಿ. ದಿನಾ ತುಪ್ಪದಾಗ ಹುರದು, ಬೆಲ್ಲ ಹಚ್ಚಿ. ಬಾಣಂತಿಗೆ ಕೊಡೂದಿಲ್ಲೇನ್ರಿ? ರಕ್ತ ಊರಲಿ ಅಂತ."

"ಯವ್ವಾ, ಆಕಿ ಹಡಿಯಾಕ ಬಂದಿಲ್ಲ!" ಡಾಕ್ಟರು ನಗುತ್ತಲೇ ಆಪರೇಶನ್ ಮುಂದೂಡಿದರು.

"ಬ್ಯಾಡ ಅನ್ನಾಕ ಏನಾಗಿತ್ತು ನಿನಗ?" ಎಂದು ದಾರಿಯಲ್ಲಿ ಗದರಿದೆ.

"ಅಕ್ಕ ಅಷ್ಟ ಅಂತಃಕರಣದಿಂದ ತಂದ್ರ ಹೆಂಗ ಅನ್ನಲ್ರಿ?" ಎಂದಳು.

ಅಂದಿನಿಂದ ಅತ್ತಿಗೆ ಅಡುಗೆಮನೆಯಿಂದಲೇ ಬೆಳ್ಳುಳ್ಳಿ ಹೊರಹಾಕಿದಳು. "ಆಪರೇಶನ್ ಆಕಿಗೋ ನನಗೋ?" ಎಂದು ಅಣ್ಣ ಸಪ್ಪೆ ಸಾರು ಕಲಸುತ್ತ ಗೊಣಗುತ್ತಿದ್ದ.

ಮತ್ತೆ ಕರೆದ ದಿನ, ಡಾಕ್ಟರೇ ಅವಳ ಕೊರಳ ಲಿಂಗವನ್ನು ಮುಂಗೈಗೆ ಕಟ್ಟಿಸಿ ಒಳಗೆ ಕರೆದೊಯ್ದರು. ನಾವು ಹೊರಗೆ ಕೂತು ಶಿವನಾಮ ಜಪಿಸಿದೆವು. ಬಹಳ ಹೊತ್ತಿನ ಮೇಲೆ ಡಾಕ್ಟರು ಬಂದು, "ಅಂಜಿದಷ್ಟು ರಕ್ತ ಹೋಗಲಿಲ್ಲ. ಬ್ಯಾರೆಯವರ ರಕ್ತ ಏರಸೂ ಪ್ರಸಂಗನೂ ಬರಲಿಲ್ಲ" ಎಂದರು. ಅತ್ತಿಗೆ ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು.

ಅದಾಗಿ ವರ್ಷಗಳೇ ಕಳೆದವು; ಈಗ ದಾನಮ್ಮ, ಅತ್ತಿಗೆ ಇಬ್ಬರೂ ಲಿಂಗೈಕ್ಯರು. ಶಿವನು ಕೊಟ್ಟವರನ್ನು ಶಿವನೇ ಕರೆದುಕೊಂಡ. ನನಗೆ ಉಳಿದಿರುವುದು ಗಾಯ ಮಾಗಿದ ಮೇಲಿನ ಒಂದು ಮುಂಜಾವು. ದಾನಮ್ಮ ಅಂಗಳದ ಬಿಸಿಲಲ್ಲಿ ನಿಂತು, ಎರಡೂ ಕೈಗಳನ್ನು ಮೇಲೆತ್ತಿ, ತಾನೇ ತುರುಬು ಕಟ್ಟಿಕೊಂಡಳು. ನೋವಿಗೆ ಕೈ ಎತ್ತಲಾಗದ ಅವಳಿಗೆ ಎಷ್ಟೋ ವರ್ಷಗಳಿಂದ ಅದನ್ನು ಕಟ್ಟುತ್ತಿದ್ದವಳು ಅತ್ತಿಗೆ. ಬಾಚಣಿಗೆ ಹಿಡಿದು ಹೊರಬಂದವಳು ಹೊಸ್ತಿಲಲ್ಲೇ ನಿಂತು ನೋಡಿದಳು. ಆಮೇಲೆ ಬಾಚಣಿಗೆಯನ್ನು ಮೆಲ್ಲಗೆ ಸೆರಗಿನಲ್ಲಿ ಮುಚ್ಚಿಕೊಂಡಳು.